ಕಡಲ ಹಾಡಿಗೆ ಸಂಕೋಚ ಅಡ್ಡಿಯಲ್ಲ, ಸೊಲ್ಲಿನಿಂದ ಶುರು ಮಾಡಿ

ಮಾನ್ಯ ಸಂಪಾದಕರೇ,

ಹಾಯಿಹಡಗಿನ ಕಾಲದ ಹಾಡುಗಳು ತಮಗೆ ಬಹಳ ಹಿಡಿಸಿವೆ, ಆದರೆ ನಾಲ್ಕು ಜನರ ನಡುವೆ ಬಾಯಿ ತೆರೆಯಲು ವಿಪರೀತ ಸಂಕೋಚ, ಏನು ಮಾಡಲಿ ಎಂದು ಈಚೆಗೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಕೇಳಿದ್ದರು. ಅದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ, ಸಭಾಕಂಪನ ಬಿಡಿಸುವ ತರಗತಿಗೆ ಸೇರಿ ಎಂಬ ಧಾಟಿಯಲ್ಲಿದ್ದವು. ಭಾವಗೀತೆಗೋ ಕಚೇರಿಗೋ ಆ ಸಲಹೆ ಸರಿ ಇರಬಹುದು. ಕಡಲ ಹಾಡಿಗೆ ಅದು ಹೊಂದುವುದಿಲ್ಲ. ಈ ಹಾಡುಗಳನ್ನು ಕೂಡಿ ಹಾಡುವ, ಹೊಸಬರಿಗೆ ಹೇಳಿಕೊಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ತುಸು ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ.

ಮೊದಲು ಹಾಡಿನ ಸ್ವಭಾವ ತಿಳಿಯಬೇಕು. ಶಾಂಟಿ ಎಂದು ಕರೆಸಿಕೊಳ್ಳುವ ಇವು 19ನೇ ಶತಮಾನದ ವ್ಯಾಪಾರಿ ಹಡಗುಗಳ ದುಡಿಮೆಯ ಹಾಡುಗಳು. ಕೂಲಿ ಉಳಿಸಲು ಮಾಲೀಕರು ಕಡಿಮೆ ಜನರನ್ನು ಇಟ್ಟುಕೊಳ್ಳುತ್ತಿದ್ದರು. ಹಾಯಿಕಂಬದ ಅಡ್ಡದಿಮ್ಮಿಯನ್ನು ಏರಿಸಲು, ಲಂಗರು ಎತ್ತಲು, ಒಳಗೆ ಜಿನುಗಿದ ನೀರನ್ನು ಪಂಪಿನಿಂದ ಹೊರಹಾಕಲು ಇದ್ದ ಕೈಗಳೆಲ್ಲ ಒಂದೇ ಗಳಿಗೆಯಲ್ಲಿ ಎಳೆಯಬೇಕಿತ್ತು. ಆ ಗಳಿಗೆಯನ್ನು ಗೊತ್ತುಮಾಡುತ್ತಿದ್ದುದು ಹಾಡು. ಬ್ರಿಟಿಷ್ ನೌಕಾಪಡೆಯ ಹಡಗುಗಳಲ್ಲಿ ಆಳುಗಳಿಗೆ ಕೊರತೆಯಿರಲಿಲ್ಲ. ಅಲ್ಲಿ ಕೆಲಸದ ಹೊತ್ತಿನಲ್ಲಿ ಹಾಡುವಂತಿರಲಿಲ್ಲ, ಸೀಟಿಯ ಸದ್ದಿಗೋ ಪಿಟೀಲಿನ ಗತ್ತಿಗೋ ಕೆಲಸ ಸಾಗುತ್ತಿತ್ತು. ವ್ಯಾಪಾರಿ ಹಡಗಿನಲ್ಲಿ ಮಾತ್ರ ಒಬ್ಬ ಒಳ್ಳೆಯ ಮುಂದಾಳು ಹಾಡುಗಾರನಿದ್ದರೆ ಹತ್ತು ಆಳಿಗೆ ಸಮ ಎಂಬ ಮಾತೇ ನಾವಿಕರಲ್ಲಿತ್ತು.

ಒಬ್ಬರು ಎತ್ತಿಕೊಡುವುದು, ಉಳಿದವರು ಉತ್ತರ ಕೊಡುವುದು ಎಂಬ ಇದರ ಕಟ್ಟಿನಲ್ಲಿ ಆಫ್ರಿಕನ್ ಮೂಲದ ದುಡಿಮೆಗಾರರ ಪಾಲು ಬಹಳ ದೊಡ್ಡದು. ಅಮೆರಿಕದ ಮೊಬೀಲ್, ನ್ಯೂ ಆರ್ಲಿಯನ್ಸ್ ಬಂದರುಗಳಲ್ಲಿ ಹಡಗಿನ ಒಡಲಿಗೆ ಹತ್ತಿಯ ಮೂಟೆಗಳನ್ನು ಅದುಮಿ ತುಂಬುತ್ತಿದ್ದ ಕರಿಯ ಕೂಲಿಗಳ ಹಾಡುಗಳು ಹಡಗು ಹತ್ತಿ ಲಿವರ್‌ಪೂಲ್‌ವರೆಗೆ ಹೋದವು. ಕಡಲ ಹಾಡೆಂದರೆ ಬರೀ ಇಂಗ್ಲಿಷರ ಆಸ್ತಿ ಎಂಬಂತೆ ಬರೆಯುವವರು ಈ ಸಾಲವನ್ನು ಮರೆಯಬಾರದು.

ಸಂಕೋಚದವರಿಗೆ ಮುಖ್ಯವಾದ ಸಂಗತಿ ಇಲ್ಲಿದೆ. ನಮ್ಮ ಭಜನೆಯಲ್ಲಿ ಮುಂದಿನವರು ಹೇಳಿದ ಸಾಲನ್ನೇ ಹಿಂದಿನವರು ತಿರುಗಿ ಹೇಳುತ್ತಾರೆ. ಸಾಲು ಬದಲಾದಂತೆ ಹಿಂದಿನವರೂ ಕಿವಿ ನಿಮಿರಿಸಿಕೊಂಡು ಹೊಸ ಸಾಲು ಹಿಡಿಯಬೇಕು. ಶಾಂಟಿಯಲ್ಲಿ ಹಾಗಲ್ಲ. ಮುಂದಾಳಿನ ಸಾಲು ಎಷ್ಟು ಬದಲಾದರೂ ಹಿಂದಿನವರು ಉತ್ತರವಾಗಿ ಹಾಡುವ ಪಲ್ಲವಿ, ಅಂದರೆ ಸೊಲ್ಲು, ಕೊನೆಯತನಕ ಒಂದೇ. ನಮ್ಮ ಕೋಲಾಟದ ಪದಗಳ ಸೊಲ್ಲಿನ ಹಾಗೆಯೇ ಎನ್ನಬಹುದು. ಹೊಸಬರು ನೆನಪಿಡಬೇಕಾದದ್ದು ಐದಾರು ಪದ, ಒಂದೆರಡು ಸಾಲಿನ ಧಾಟಿ, ಅಷ್ಟೇ. ಕಲಿತವರು, ಕಲಿಯದವರು, ಗಂಟಲು ಒಡೆದವರು ಎಲ್ಲರೂ ಸೇರಿ ಹಾಡಲೆಂದೇ ಆ ಸೊಲ್ಲು ಹುಟ್ಟಿದೆ. ಅದನ್ನು ಕೇಳಲು ಎದುರಿಗೆ ಸಭಿಕರು ಕೂತಿರುತ್ತಿರಲಿಲ್ಲ, ಕೈಯಲ್ಲಿ ಹಗ್ಗ ಹಿಡಿದವರಷ್ಟೇ ಇರುತ್ತಿದ್ದರು. ಆದ್ದರಿಂದ ಆ ಓದುಗರಿಗೆ ನಮ್ಮ ಮೊದಲ ಮಾತು: ಮನೆಯಲ್ಲಿ ಒಬ್ಬರೇ ಪೂರ್ತಿ ಹಾಡು ಕಲಿತು ಬರಬೇಡಿ, ಸೊಲ್ಲಿನಿಂದ ಶುರು ಮಾಡಿ. ಒಬ್ಬರೇ ಕಲಿತವರು ಮುಂದಾಳಿನ ಸಾಲನ್ನೂ ಸೊಲ್ಲನ್ನೂ ಒಂದೇ ಉಸಿರಿನ ಲೆಕ್ಕದಲ್ಲಿ ಕಲಿತಿರುತ್ತಾರೆ. ಗುಂಪಿಗೆ ಬಂದಾಗ ಆ ಲೆಕ್ಕ ಕೂಡುವುದಿಲ್ಲ, ತಡವರಿಸುತ್ತಾರೆ, ಸಂಕೋಚ ಇನ್ನಷ್ಟು ಗಟ್ಟಿಯಾಗುತ್ತದೆ.

ಸೊಲ್ಲು ಕಲಿಯುವ ಕ್ರಮ ಹೀಗೆ. ಮೊದಲು ರಾಗವಿಲ್ಲದೆ, ಮಾತಿನ ದನಿಯಲ್ಲಿ, ಕಾಲಿನಿಂದ ನೆಲಕ್ಕೆ ತಾಳ ಹಾಕುತ್ತ ಹತ್ತು ಸಲ ಹೇಳಿ. ಎಳೆತ ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂದು ನೋಡಿ ಅಲ್ಲಿ ಕಾಲು ಒತ್ತಿ ಊರಿ. ಆಮೇಲೆ ರಾಗ ಸೇರಿಸಿ. ದನಿ ಮಾತಿನ ದನಿಯೇ ಇರಲಿ, ಅಂಗಳದ ಆಚೆ ಬದಿಯಲ್ಲಿರುವವರನ್ನು ಕರೆಯುವಷ್ಟು ಬಿಚ್ಚಿ, ಅಷ್ಟು ಸಾಕು. ಹಡಗಿನ ಹಾಡು ಎಂದೊಡನೆ ಕೂಗಬೇಕೆಂದು ಭಾವಿಸುವವರೇ ಹೆಚ್ಚು. ಕೂಗಿದರೆ ಅರ್ಧ ಗಂಟೆಯಲ್ಲಿ ಗಂಟಲು ಕಟ್ಟುತ್ತದೆ, ಪಕ್ಕದವರಿಗೆ ತಮ್ಮ ದನಿಯೇ ಕೇಳಿಸದಂತಾಗುತ್ತದೆ. ಸೊಲ್ಲಿನಲ್ಲಿ ಬರುವ ‘ವೇ’, ‘ಹೇ’, ‘ಓ’ ಮುಂತಾದ ಸ್ವರಗಳಿಗೆ ದವಡೆ ಇಳಿಸಿ ಬಾಯಿ ಚೆನ್ನಾಗಿ ತೆರೆದರೆ ಕೂಗದೆಯೇ ದನಿ ದೂರ ಹೋಗುತ್ತದೆ. ನಾಚಿಕೆಯವರು ಬಾಯಿ ಅರ್ಧ ಮುಚ್ಚಿ ಹಾಡುತ್ತಾರೆ. ಆಗ ದನಿ ಮೂಗಿನಲ್ಲೇ ಉಳಿದು ಶ್ರುತಿ ತಗ್ಗುತ್ತದೆ, ತಗ್ಗಿದ್ದು ಅವರಿಗೇ ಕೇಳಿಸಿ ಇನ್ನೂ ಕುಗ್ಗುತ್ತಾರೆ. ಹೆಚ್ಚಿನವರ ಶ್ರುತಿದೋಷದ ಮೂಲ ಕಿವಿಯಲ್ಲಿಲ್ಲ, ದವಡೆಯಲ್ಲಿದೆ.

ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಹೊಸಬರು ಗಮನ ಕೊಡುವುದೇ ಇಲ್ಲ. ನಾಚಿಕೆಯವರು ತಾವಾಗಿಯೇ ಹಿಂದಿನ ಸಾಲಿನ ತುದಿಗೆ ಹೋಗುತ್ತಾರೆ. ಅಲ್ಲಿ ಎದುರಿನವರ ಬೆನ್ನು ಕಾಣುತ್ತದೆ, ದನಿ ಕೇಳಿಸುವುದಿಲ್ಲ, ಸೊಲ್ಲು ಅರ್ಧ ಮಾತ್ರೆ ತಡವಾಗಿ ಬರುತ್ತದೆ. ಬೆನ್ನು ತೋರಿಸುವ ಸಾಲುಗಳನ್ನೇ ಬಿಟ್ಟು ಎಲ್ಲರೂ ದುಂಡಗೆ ನಿಲ್ಲಬೇಕು. ಹೊಸಬರ ಎಡಬಲದಲ್ಲಿ ಮೂಲ ಧಾಟಿಯನ್ನೇ ಹಿಡಿದು ಹಾಡುವ ಇಬ್ಬರು ಗಟ್ಟಿ ದನಿಯವರಿರಲಿ. ಮೇಲಿನ ಅಥವಾ ಕೆಳಗಿನ ಸ್ವರದಲ್ಲಿ ಜೊತೆಗೂಡಿಸುವವರನ್ನು ಪಕ್ಕಕ್ಕೆ ನಿಲ್ಲಿಸಿದರೆ ಹೊಸಬರು ದಾರಿ ತಪ್ಪುತ್ತಾರೆ. ಸದ್ದು ಹೆಚ್ಚಿದ್ದರೆ ಒಂದು ಕಿವಿಯ ಹಿಂದೆ ಅಂಗೈ ಬೊಗಸೆ ಮಾಡಿ ಹಿಡಿಯಿರಿ. ಇದು ಹಳೆಯ ಹಾಡುಗಾರರ ರೂಢಿ, ಎಷ್ಟೇ ಗದ್ದಲದಲ್ಲೂ ನಿಮ್ಮ ದನಿ ನಿಮಗೆ ಕೇಳುತ್ತದೆ.

ಇನ್ನೊಂದು ಉಪಾಯ, ಕೈಗೆ ಹಗ್ಗ ಕೊಡುವುದು. ಹೆಬ್ಬೆರಳು ಗಾತ್ರದ, ಸುಮಾರು 12 ಮೀಟರ್ ಉದ್ದದ ಹತ್ತಿಯ ಹಗ್ಗವನ್ನು ಗಟ್ಟಿ ಮರಕ್ಕೆ ಸೊಂಟದ ಎತ್ತರದಲ್ಲಿ ಕಟ್ಟಿ, ಎಂಟು ಹತ್ತು ಜನ ಎಡಬಲ ಬದಲಿಸಿ ನಿಂತು ಸೊಲ್ಲಿನ ಎಳೆತಕ್ಕೆ ಮೈಭಾರ ಹಿಂದಕ್ಕೆ ಒಗೆಯಬೇಕು. ತೆಂಗಿನ ನಾರಿನ ಹಗ್ಗ ಬೇಡ, ಅಂಗೈ ಸುಲಿಯುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು, ಯಾರಾದರೂ ಜಾರಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಕೈಗೆ ಕೆಲಸ ಸಿಕ್ಕೊಡನೆ ಮುಖದ ಬಿಗಿ ಸಡಿಲುತ್ತದೆ, ಎಳೆಯುವಾಗ ಹೊಟ್ಟೆ ತಾನಾಗಿ ಗಟ್ಟಿಯಾಗಿ ಉಸಿರು ಒಮ್ಮೆಲೇ ಹೊರಬರುತ್ತದೆ. ಎಷ್ಟು ಹೇಳಿದರೂ ಬಾರದ ದನಿ ಎರಡು ಎಳೆತದಲ್ಲಿ ಬರುತ್ತದೆ.

ಹಗ್ಗ ಹಿಡಿದವರಿಗೆ ಹಾಡಿನ ವೇಗವೂ ತಿಳಿಯುತ್ತದೆ. ಈಗ ಅಂತರ್ಜಾಲದಲ್ಲಿ ಕೇಳಸಿಗುವ ಗಾಯನಗಳಲ್ಲಿ ಬಹುಪಾಲು ತೀರಾ ಅವಸರದವು. ಗಿಟಾರ್, ಡ್ರಮ್ ಸೇರಿ ಕುಣಿಸುವ ವೇಗಕ್ಕೆ ಹೋಗಿರುತ್ತವೆ. ಆ ವೇಗದಲ್ಲಿ ಯಾವ ಅಡ್ಡದಿಮ್ಮಿಯೂ ಮೇಲೇರುತ್ತಿರಲಿಲ್ಲ. ಹಾಡು ಯಾವ ಕೆಲಸದ್ದೆಂದು ನೋಡಿ ನಡೆ ಗೊತ್ತುಮಾಡಬೇಕು. ಹಾಯಿಯ ಮೂಲೆಯನ್ನು ಕೊನೆಯದಾಗಿ ಬಿಗಿಯುವ ಗಿಡ್ಡ ಎಳೆತಕ್ಕೆ ಸೊಲ್ಲಿನ ಕೊನೆಯ ಪದದ ಮೇಲೆ ಒಂದೇ ಜಗ್ಗು. ‘ಹಾಲ್ ಆನ್ ದ ಬೋಲಿನ್’ ಈ ಜಾತಿಯದು. ಅಡ್ಡದಿಮ್ಮಿ ಏರಿಸುವ ಹಾಡುಗಳಲ್ಲಿ, ಉದಾಹರಣೆಗೆ ‘ಬ್ಲೋ ದ ಮ್ಯಾನ್ ಡೌನ್’, ಪ್ರತಿ ಸೊಲ್ಲಿಗೆ ಎರಡು ಜಗ್ಗು. ಜಗ್ಗಿದ ಮೇಲೆ ಕೈ ಮುಂದಕ್ಕೆ ಸರಿಸಿ ಹೊಸ ಹಿಡಿತ ಹಿಡಿಯಲು, ಉಸಿರೆಳೆಯಲು ಹೊತ್ತು ಬೇಕು. ಆ ಹೊತ್ತನ್ನು ತುಂಬುತ್ತಿದ್ದುದು ಮುಂದಾಳಿನ ಸಾಲು. ಲಂಗರು ಎತ್ತುವಾಗ ನೆಟ್ಟಗೆ ನಿಂತ ದೊಡ್ಡ ಉರುಳೆಗೆ ಅಡ್ಡಕೋಲು ಸಿಕ್ಕಿಸಿ ಸುತ್ತ ನಡೆಯುತ್ತಿದ್ದರು. ಅಲ್ಲಿ ಜಗ್ಗು ಇಲ್ಲ, ನಡಿಗೆ. ಹಾಗಾಗಿ ‘ರಿಯೊ ಗ್ರಾಂಡೆ’ಯಂಥ ಹಾಡುಗಳಿಗೆ ಉದ್ದನೆಯ ಸೊಲ್ಲು, ಹರಿಯುವ ಧಾಟಿ. ‘ಡ್ರಂಕನ್ ಸೈಲರ್’ ಮಾತ್ರ ಹೆಚ್ಚು ಜನ ಹಗ್ಗ ಹಿಡಿದು ಹಡಗಿನ ಡೆಕ್ಕಿನ ಮೇಲೆ ಸರಸರ ನಡೆದುಹೋಗುವ ಹಾಡು, ಅದಕ್ಕೆ ಚುರುಕು ಸಲ್ಲುತ್ತದೆ. ಯಾವ ಹಾಡೇ ಆಗಲಿ, ಎರಡು ಎಳೆತಗಳ ನಡುವೆ ಉಸಿರು ತೆಗೆದುಕೊಳ್ಳಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ತಿಳಿಯಿರಿ. ನಿಧಾನವಾದಷ್ಟೂ ಸಂಕೋಚದವರಿಗೆ ಅನುಕೂಲ, ಸೊಲ್ಲಿಗೆ ಮೊದಲು ಸಿದ್ಧವಾಗಲು ಬಿಡುವು ಸಿಗುತ್ತದೆ.

ಕರ್ನಾಟಕ ಸಂಗೀತ ಕಲಿತವರಿಗೆ ಪ್ರತ್ಯೇಕವಾಗಿ ಒಂದು ಮಾತು. ‘ಡ್ರಂಕನ್ ಸೈಲರ್’ನ ಸ್ವರಗಳು ನಮ್ಮ ಖರಹರಪ್ರಿಯದ ಸ್ವರಗಳೇ: ಸಾಧಾರಣ ಗಾಂಧಾರ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಸಿನಿಮಾ ಹಾಡಿನ ಅಭ್ಯಾಸದಿಂದ ನಿಷಾದವನ್ನು ಏರಿಸಿ ಕಾಕಲಿ ಮಾಡಿದರೆ ಹಾಡಿನ ಚಹರೆಯೇ ಕೆಟ್ಟುಹೋಗುತ್ತದೆ. ರಾಗ ಗುರುತು ಸಿಕ್ಕಿತೆಂದು ಗಮಕ ಹಾಕಲು ಹೊರಡುವುದೂ ತಪ್ಪು. ಹತ್ತು ಜನ ಹತ್ತು ಬಗೆಯಲ್ಲಿ ಜಾರಿದರೆ ಸೊಲ್ಲು ಕಲಸಿಹೋಗುತ್ತದೆ. ಸ್ವರಗಳನ್ನು ನೆಟ್ಟಗೆ ಹಿಡಿಯಬೇಕು, ಗಮಕವನ್ನು ಮುಂದಾಳು ತನ್ನ ಸಾಲಿನಲ್ಲಿ ಬೇಕಾದರೆ ಮಾಡಿಕೊಳ್ಳಲಿ. ಹಳೆಯ ನಾವಿಕರೂ ಆ ಸಾಲುಗಳಲ್ಲಿ ದನಿ ಒಡೆಸಿ ಬೆಡಗು ತೋರುತ್ತಿದ್ದರು.

ಕೆಲವು ವಾರ ಸೊಲ್ಲು ಹಾಡಿದ ಮೇಲೆ ಮುಂದಾಳಾಗುವ ಆಸೆ ಬಂದೇ ಬರುತ್ತದೆ. ಆಗ ಏಕಾಏಕಿ ಪೂರ್ತಿ ಹಾಡಿಗೆ ಕೈಹಾಕಬೇಡಿ. ಪರಿಚಿತ ಮುಂದಾಳಿಗೆ ಮೊದಲೇ ಹೇಳಿ ನಡುವಿನ ಒಂದು ಪದ್ಯವನ್ನಷ್ಟೇ ಕೇಳಿ ಪಡೆಯಿರಿ. ಅಷ್ಟರಲ್ಲಿ ಶ್ರುತಿ ನಿಂತಿರುತ್ತದೆ, ವೇಗ ಕೂತಿರುತ್ತದೆ, ಸೊಲ್ಲು ಎಲ್ಲರ ಬಾಯಲ್ಲಿರುತ್ತದೆ. ನೀವು ಹಾಡಬೇಕಾದದ್ದು ಎರಡು ಗಿಡ್ಡ ಸಾಲು, ಒಂದೊಂದಕ್ಕೂ ಸೊಲ್ಲಿನ ಆಸರೆ.

ಪೂರ್ತಿ ಹಾಡು ಎತ್ತಿಕೊಳ್ಳುವಾಗ ತಪ್ಪುವುದು ಹೆಚ್ಚಾಗಿ ಶ್ರುತಿಯಲ್ಲೇ. ಈ ಹಾಡುಗಳಲ್ಲಿ ಅತಿ ಎತ್ತರದ ಸ್ವರ ಬಹುಮಟ್ಟಿಗೆ ಸೊಲ್ಲಿನಲ್ಲಿರುತ್ತದೆ. ಮುಂದಾಳು ತನ್ನ ಗಂಟಲಿಗೆ ಹಿತವಾಗುವಲ್ಲಿ ಪದ್ಯ ಎತ್ತಿಕೊಂಡುಬಿಟ್ಟರೆ ಸೊಲ್ಲು ಬಂದಾಗ ಗುಂಪಿಗೆ ಗುಂಪೇ ಕೀರಲು ದನಿಯಾಗುತ್ತದೆ, ಇಲ್ಲವೇ ಬಾಯಿ ಮುಚ್ಚುತ್ತದೆ. ಯಾರೂ ಸೊಲ್ಲು ಕೊಡಲಿಲ್ಲ, ನನ್ನ ಹಾಡು ಹಿಡಿಸಲಿಲ್ಲ ಎಂದು ನಾಚಿಕೆಯವರು ನೊಂದುಕೊಳ್ಳುತ್ತಾರೆ. ಅವರಿಗೆ ಹಿಡಿಸದೆ ಇರಲಿಲ್ಲ, ಎಟಕಲಿಲ್ಲ. 2021ರ ಜನವರಿಯಲ್ಲಿ ಟಿಕ್‌ಟಾಕ್ ಮೂಲಕ ಜಗತ್ತಿಗೆಲ್ಲ ಹಬ್ಬಿದ ‘ವೆಲ್ಲರ್‌ಮನ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪದ್ಯ ಕೆಳಗಿನಿಂದ ಏಳುತ್ತದೆ, ಸೊಲ್ಲು ಮೇಲಿನ ಷಡ್ಜದಿಂದಲೇ ಶುರುವಾಗುತ್ತದೆ. ಆದ್ದರಿಂದ ಮೊದಲು ಸೊಲ್ಲಿನ ಎತ್ತರದ ಸ್ವರವನ್ನು ಮನಸ್ಸಿನಲ್ಲೋ ಸಣ್ಣಗೆ ಗುನುಗಿಯೋ ಹಿಡಿದುಕೊಂಡು, ಅಲ್ಲಿಂದ ಪದ್ಯದ ಮೊದಲ ಸ್ವರಕ್ಕೆ ಇಳಿಯಬೇಕು. ಗಂಡಸರು ಹೆಂಗಸರು ಕೂಡಿದ ಗುಂಪಿನಲ್ಲಿ ಆ ಎತ್ತರದ ಸ್ವರ ಹಾರ್ಮೋನಿಯಂನ ಬಿಳಿ 1 ಅಥವಾ ಬಿಳಿ 2ರಲ್ಲಿ ನಿಂತರೆ ಹೆಚ್ಚಿನವರಿಗೆ ಎಟಕುತ್ತದೆ. ಹೆಂಗಸರು ಒಂದು ಸ್ಥಾಯಿ ಮೇಲೆ ಅದನ್ನೇ ಹಾಡುತ್ತಾರೆ. ಶುರು ಮಾಡಿದ ಮೇಲೆ ಶ್ರುತಿ ತಪ್ಪಾಗಿದೆ ಎನಿಸಿದರೆ ಅಲ್ಲೇ ನಿಲ್ಲಿಸಿ ಮತ್ತೆ ಎತ್ತಿಕೊಳ್ಳಿ. ಕೂಡಿ ಹಾಡುವ ಕಡೆ ಇದು ದಿನನಿತ್ಯದ ಸಂಗತಿ, ಯಾರೂ ಇದನ್ನು ಸೋಲೆಂದು ಎಣಿಸುವುದಿಲ್ಲ.

ಸೊಲ್ಲು ಗೊತ್ತಿಲ್ಲದವರಿದ್ದರೆ ಮೊದಲೇ ಒಮ್ಮೆ ಹಾಡಿ ತೋರಿಸಿ. ಪದ್ಯದ ಸಾಲು ಮುಗಿಯುತ್ತಿದ್ದಂತೆ ತಲೆಯೆತ್ತಿ ಎಲ್ಲರಿಗೂ ಕಾಣುವ ಹಾಗೆ ಉಸಿರೆಳೆಯಿರಿ, ಇದಕ್ಕಿಂತ ಒಳ್ಳೆಯ ಸನ್ನೆ ಇಲ್ಲ. ಕಾಗದ ನೋಡಿ ಹಾಡುವವರು ಈ ಸನ್ನೆ ಕೊಡಲಾರರು. ಅದಕ್ಕೇ ಐದು ಪದ್ಯ ಬಾಯಿಪಾಠವಾಗುವ ಮುನ್ನ ಮುಂದಾಳಾಗಬೇಡಿ ಎನ್ನುತ್ತೇವೆ. ಐದರಿಂದ ಏಳು ಪದ್ಯ ಸಾಕು, ಹತ್ತು ದಾಟಿದರೆ ಸೊಲ್ಲು ಸೋಲುತ್ತದೆ. ಪದ್ಯ ಮರೆತರೆ? ಹಿಂದಿನ ಸಾಲನ್ನೇ ಎರಡನೇ ಸಲ ಹಾಡಿ, ಇಲ್ಲವೇ ಬೇರೆ ಹಾಡಿನ ಪದ್ಯ ತಂದು ಕೂಡಿಸಿ. ಕೆಲಸ ಮುಗಿಯುವವರೆಗೆ ಹಾಡನ್ನು ಎಳೆಯಬೇಕಾಗಿದ್ದ ಹಡಗಿನ ಹಾಡುಗಾರರು ಇವೆರಡನ್ನೂ ಮಾಡುತ್ತಿದ್ದರು. ಒಂದೇ ಪದ್ಯ ನಾಲ್ಕಾರು ಹಾಡುಗಳಲ್ಲಿ ಓಡಾಡುವುದು ಅದರಿಂದಲೇ. ಮೊದಲ ಹಾಡಿಗೆ ‘ಸೌತ್ ಆಸ್ಟ್ರೇಲಿಯಾ’ ಅಥವಾ ಪಯಣದ ಕೊನೆಯ ಪಂಪಿನ ಹಾಡಾದ ‘ಲೀವ್ ಹರ್ ಜಾನಿ’ ತಕ್ಕವು. ‘ಶೆನಂಡೋವಾ’ ಬಹಳ ಚೆಲುವಾದದ್ದು, ಆದರೆ ಅದರ ಸ್ವರವ್ಯಾಪ್ತಿ ದೊಡ್ಡದು, ತಾಳ ಸಡಿಲ, ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಕೆಲವು ಹಳೆಯ ಪಾಠಗಳಲ್ಲಿ ಕರಿಯರನ್ನು, ಹೆಂಗಸರನ್ನು ಹೀಯಾಳಿಸುವ ಮಾತುಗಳಿವೆ. ಅವನ್ನು ಬಿಟ್ಟು ಹಾಡಿ, ಹಾಡಿಗೆ ಏನೂ ಕೊರೆಯಾಗದು.

ನಮ್ಮ ಇಂಗ್ಲಿಷ್ ಉಚ್ಚಾರ ನಗೆಪಾಟಲಾದೀತೇ ಎಂಬ ಅಳುಕೂ ಆ ಓದುಗರ ಪತ್ರದಲ್ಲಿತ್ತು. ಐರಿಷರು, ಜರ್ಮನರು, ವೆಸ್ಟ್ ಇಂಡೀಸಿನವರು ಒಂದೇ ಹಡಗಿನಲ್ಲಿ ದುಡಿದು ಹಾಡಿದ ಹಾಡುಗಳಿವು. ಬ್ರಿಟಿಷ್ ಹಡಗುಗಳಲ್ಲಿ ನಮ್ಮ ರತ್ನಾಗಿರಿ, ಗೋವಾ ಕಡೆಯ, ಲಾಸ್ಕರರು ಎಂದು ಕರೆಸಿಕೊಂಡ ಹಡಗಿನ ಆಳುಗಳೂ ಇದ್ದರು. ಯಾವ ಉಚ್ಚಾರ ಇಲ್ಲಿ ಹೊರಗಿನದು?

ಈ ಹಾಡುಗಳು ಉಳಿದದ್ದು ಹೇಗೆಂಬುದನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ಕರಾವಳಿಗೂ ಕೆಲಸವಿದೆ. ಉಗಿಯಂತ್ರ ಬಂದು ಹಗ್ಗ ಎಳೆಯುವ ಕೈಗಳು ಬೇಡವಾದ ಮೇಲೆ ಶಾಂಟಿಗಳು ಹಡಗಿನಿಂದ ಇಳಿದವು. ಅಷ್ಟರಲ್ಲಿ ಕೆಲವರು ಮುದಿ ನಾವಿಕರ ಮನೆ ಬಾಗಿಲಿಗೆ ಹೋದರು. ಜನಪದ ಹಾಡುಗಳ ಸಂಗ್ರಾಹಕ ಸಿಸಿಲ್ ಶಾರ್ಪ್ 1914ರಲ್ಲಿ ಇಂಗ್ಲೆಂಡಿನ ವಾಚೆಟ್ ಎಂಬ ಸಣ್ಣ ಬಂದರಿನ ಜಾನ್ ಶಾರ್ಟ್ ಎಂಬ ಒಬ್ಬನಿಂದಲೇ 50ಕ್ಕೂ ಹೆಚ್ಚು ಹಾಡು ಬರೆದುಕೊಂಡರು. ಆಗ ಆತನಿಗೆ 75ರ ಆಸುಪಾಸು. ಅಮೆರಿಕದ ನಾರ್ತ್ ಕೆರೊಲಿನಾದ ಬೋಫರ್ಟ್‌ನಲ್ಲಿ ಕರಿಯ ಮೀನುಗಾರರು ಮೆನ್‌ಹೇಡನ್ ಮೀನಿನ ಬಲೆಯನ್ನು ಹಾಡುತ್ತಲೇ ಎತ್ತುತ್ತಿದ್ದರು. 1950ರ ದಶಕದಲ್ಲಿ ಯಂತ್ರದ ರಾಟೆ ಬಂದು ಹಾಡು ನಿಂತಿತು. 1980ರ ದಶಕದ ಕೊನೆಯಲ್ಲಿ ನಿವೃತ್ತ ಮೀನುಗಾರರನ್ನು ಮತ್ತೆ ಕೂಡಿಸಿದಾಗ ಅವರ ನೆನಪಿನಲ್ಲಿ ಹಾಡುಗಳು ಹಾಗೇ ಇದ್ದವು.

ನಮ್ಮಲ್ಲಿ ರಂಪಣಿ ಇತ್ತು. ದೋಣಿಯಲ್ಲಿ ಬಲೆ ಕೊಂಡುಹೋಗಿ ಕಡಲಲ್ಲಿ ಅರ್ಧಚಂದ್ರವಾಗಿ ಇಳಿಸಿ, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಎರಡು ತಂಡಗಳು ‘ಐಸಾ’ ಎನ್ನುತ್ತ ಎಳೆಯುತ್ತಿದ್ದವು. ಒಂದು ತಂಡ ಮುಂದಾದರೆ ಬಲೆ ಓರೆಯಾಗಿ ಬಂಗುಡೆ, ಬೂತಾಯಿ ತಪ್ಪಿಸಿಕೊಳ್ಳುತ್ತಿದ್ದವು. 1970ರ ದಶಕದ ನಡುವೆ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿಯುವ ಯಂತ್ರದ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿ ಮೂಲೆ ಸೇರಿತು, ಈಗ ಅಲ್ಲಲ್ಲಿ ಕೈರಂಪಣಿ ಉಳಿದಿದೆ. ಆಗ ಇಪ್ಪತ್ತರ ಹರೆಯದಲ್ಲಿ ಹಗ್ಗ ಹಿಡಿದವರು ಈಗ ಎಪ್ಪತ್ತು ದಾಟಿದ್ದಾರೆ. ಅವರ ಎತ್ತಿಕೊಡುವ ಸಾಲು, ಉತ್ತರದ ಸೊಲ್ಲು, ತುಳುವಿನದಿರಲಿ, ಕನ್ನಡದ್ದಿರಲಿ, ಕೊಂಕಣಿಯದಿರಲಿ, ಇಂದೇ ದಾಖಲಾಗಬೇಕು. ಕರಾವಳಿಯ ಓದುಗರಲ್ಲಿ ಈ ಕೋರಿಕೆಯನ್ನು ನಿಮ್ಮ ಪತ್ರಿಕೆಯೇ ಮುಂದಿಟ್ಟರೆ ಬಹಳ ಉಪಕಾರವಾಗುತ್ತದೆ.

ದಾಖಲಿಸುವವರಿಗೆ ಕೆಲವು ಸೂಚನೆಗಳು. ಅಜ್ಜನವರ ಒಪ್ಪಿಗೆ ಪಡೆಯಿರಿ, ಹಾಡನ್ನು ಎಲ್ಲಿ ಬಳಸುವಿರೆಂದು ಮೊದಲೇ ಹೇಳಿ. ಕಡಲ ದಂಡೆಯಲ್ಲಿ ಬೇಡ, ಗಾಳಿಯ ಸದ್ದು ಮಾತನ್ನು ನುಂಗುತ್ತದೆ. ಜಗಲಿಯೋ ಒಳಮನೆಯೋ ಆಗಲಿ, ಫ್ಯಾನು ನಿಲ್ಲಿಸಿ. ಫೋನನ್ನು ವಿಮಾನದ ಮೋಡ್‌ಗೆ ಹಾಕಿ, ಬಾಯಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮಡಿಕೆಯ ಮೇಲೆ ಇಡಿ, ಕೈಯಲ್ಲಿ ಹಿಡಿದರೆ ಬೆರಳಿನ ಸದ್ದು ಸೇರುತ್ತದೆ. ಒಬ್ಬರೇ ಹಾಡಲು ಅವರೂ ನಾಚುತ್ತಾರೆ. ಜೊತೆಗೆ ಎಳೆದ ಇನ್ನೊಬ್ಬರನ್ನು ಕರೆಸಿ ಕೂರಿಸಿ, ಇಬ್ಬರ ಕೈಗೂ ಒಂದು ಹಗ್ಗ ಕೊಡಿ, ಸೊಲ್ಲಿಗೆ ನೀವೂ ದನಿ ಸೇರಿಸಿ. ಹಾಡು ಮುಗಿದ ಮೇಲೆ ಎಳೆತ ಯಾವ ಅಕ್ಷರಕ್ಕೆ ಬೀಳುತ್ತಿತ್ತು, ದೋಣಿ ನೂಕುವಾಗಿನ ಹಾಡು ಬೇರೆಯೇ, ಬಲೆ ಎಳೆಯುವಾಗಿನದು ಬೇರೆಯೇ ಎಂದು ಕೇಳಿ ಅದನ್ನೂ ಅವರ ದನಿಯಲ್ಲೇ ದಾಖಲಿಸಿಕೊಳ್ಳಿ. ಊರು, ದಿನಾಂಕ, ಹಾಡಿದವರ ಹೆಸರನ್ನು ಅದೇ ದಾಖಲೆಯ ಕೊನೆಯಲ್ಲಿ ಬಾಯಲ್ಲಿ ಹೇಳಿ, ಮನೆಗೆ ಬಂದ ದಿನವೇ ಇನ್ನೊಂದು ಕಡೆ ಪ್ರತಿ ಮಾಡಿಡಿ.

ಇಂತಿ,
ಕೂಡಿ ಹಾಡುವ ಕೆಲವು ಓದುಗರು,
ಮಂಗಳೂರು